ಕ್ಯಾಬಿನ್‌ಗೆ ದುಡ್ಡು ಕೊಟ್ಟೆವು, ಸಿಕ್ಕಿದ್ದು ಕೊಕ್ಕೆ

ಇವರಿಗೆ,
ವ್ಯವಸ್ಥಾಪಕರು,
ವಿದೇಶ ಪ್ರವಾಸ ವಿಭಾಗ, ಬೆಂಗಳೂರು

ವಿಷಯ: ಅಮೆಜಾನ್ ದೋಣಿ ಪ್ರಯಾಣದಲ್ಲಿ ಹೇಳಿದ ಸೌಕರ್ಯ ಕೊಡದಿರುವುದು ಮತ್ತು ಹಣ ವಾಪಸ್ ಕೋರಿಕೆ

ಮಾನ್ಯರೇ,

ಜೂನ್‌ನಲ್ಲಿ ನಾನು ಮತ್ತು ನನ್ನ ಅಪ್ಪ ನಿಮ್ಮಲ್ಲಿ ಬುಕ್ ಮಾಡಿ ಬ್ರೆಜಿಲ್‌ನ ಮನೌಸ್‌ನಿಂದ ಬೆಲೆಮ್‌ವರೆಗೆ ದೋಣಿಯಲ್ಲಿ ಹೋದೆವು. ಅಪ್ಪನಿಗೆ 67 ವರ್ಷ, ಮಂಡಿ ನೋವಿದೆ. ಇದನ್ನು ನಿಮ್ಮ ಆಫೀಸಿನಲ್ಲೇ ಕೂತು ಹೇಳಿದ್ದೆ. ಅದಕ್ಕೇ ಎರಡು ಮಂಚದ ಕ್ಯಾಬಿನ್ ಬೇಕೆಂದು 46,000 ರೂಪಾಯಿ ಜಾಸ್ತಿ ಕಟ್ಟಿದ್ದೆ.

ಮನೌಸ್ ಬಂದರಿನಲ್ಲಿ ನಮ್ಮ ಟಿಕೆಟ್ ನೋಡಿದ ದೋಣಿಯವರು ತೆರೆದ ಡೆಕ್ ಕಡೆ ಕೈ ತೋರಿಸಿದರು. ಅಲ್ಲಿ ಇದ್ದದ್ದು ಸಾಲು ಸಾಲು ಕೊಕ್ಕೆ. ನೀವು ತೆಗೆದಿದ್ದು ಆ ಕೊಕ್ಕೆಗಳಿಗೆ ಜೋಲಿ (ಹ್ಯಾಮಕ್) ಕಟ್ಟಿಕೊಂಡು ಮಲಗುವ ಜಾಗದ ಟಿಕೆಟ್! ಅಲ್ಲಿನ ಜನ ಹಾಗೇ ಓಡಾಡುತ್ತಾರೆ, ಅದರಲ್ಲಿ ತಪ್ಪೇನಿಲ್ಲ. ಆದರೆ ಜೋಲಿ, ಹಗ್ಗ ಎರಡನ್ನೂ ಪ್ರಯಾಣಿಕರೇ ತರಬೇಕು. ಅದನ್ನಾದರೂ ಹೇಳಬೇಕಿತ್ತು, ಅಲ್ವಾ? ಕ್ಯಾಬಿನ್‌ಗಳೆಲ್ಲ ಭರ್ತಿಯಾಗಿದ್ದವು. ಅಪ್ಪನನ್ನು ಸಾಮಾನಿನ ಹತ್ತಿರ ಕೂರಿಸಿ, ಬಂದರಿನ ಹೊರಗಿನ ಅಂಗಡಿಗೆ ಓಡಿ ಎರಡು ಜೋಲಿ ತಂದೆ.

ಮೊದಲ ರಾತ್ರಿಯೇ ನಾನು ಹಾಕಿದ ಗಂಟು ಜಾರಿತು. ಅಪ್ಪ ಕಬ್ಬಿಣದ ನೆಲಕ್ಕೆ ಬಿದ್ದರು. ಪಕ್ಕದ ಜೋಲಿಯ ಹೆಂಗಸು ಎದ್ದು ಬಂದು ಹಗ್ಗವನ್ನು ಕೊಕ್ಕೆಗೆ ಎರಡು ಸುತ್ತು ಸುತ್ತಿ ಬಿಗಿಯಾಗಿ ಕಟ್ಟಿಕೊಟ್ಟರು. ಉದ್ದಕ್ಕೆ ಮಲಗಬಾರದು, ಓರೆಯಾಗಿ ಮಲಗಿದರೆ ಬೆನ್ನು ನೆಟ್ಟಗಿರುತ್ತದೆ ಎಂದು ತಾವೇ ಮಲಗಿ ತೋರಿಸಿದರು. ನಮಗೆ ಪೋರ್ಚುಗೀಸ್ ಬಾರದು, ಅವರಿಗೆ ನಮ್ಮ ಮಾತು ಬಾರದು. ಆ ತಾಯಿಯ ಋಣ ದೊಡ್ಡದು. ಆದರೂ ಕತ್ತಲಲ್ಲಿ ಜೋಲಿಯಿಂದ ಇಳಿಯುವುದು ಕಷ್ಟವೆಂದು ಅಪ್ಪ ಸಂಜೆಯಾದ ಮೇಲೆ ನೀರು ಕುಡಿಯುವುದನ್ನೇ ಬಿಟ್ಟರು. ನಾಲ್ಕು ರಾತ್ರಿ ಹೀಗೇ.

ಮನೌಸ್ ಬಿಟ್ಟ ಮೇಲೆ ಕಪ್ಪು ನೀರಿನ ನೆಗ್ರೊ, ಕೆಸರು ಬಣ್ಣದ ಸೊಲಿಮೋಯಿಸ್ ನದಿಗಳು ಬೆರೆಯದೆ ಪಕ್ಕಪಕ್ಕದಲ್ಲೇ ಹರಿಯುವುದನ್ನು ಅಪ್ಪ ಕಂಬಿ ಹಿಡಿದು ನೋಡುತ್ತಾ ನಿಂತರು. ಅದು ನಿಜಕ್ಕೂ ಚೆಂದ. ಆದರೆ ‘ದೋಣಿಯಿಂದಲೇ ಕೋತಿ, ಮೊಸಳೆ ಹತ್ತಿರದಿಂದ ನೋಡಿ’ ಎಂದು ನಿಮ್ಮ ಕರಪತ್ರದಲ್ಲಿದೆ. ನಮ್ಮದರ ಹಾಗೆ ನದಿ ಹರಿಯುವ ದಿಕ್ಕಿನಲ್ಲೇ ಹೋಗುವ ದೋಣಿಗಳು ಸೆಳೆತ ಸಿಗಲೆಂದು ನದಿಯ ನಡುವೆ ಸಾಗುತ್ತವೆ. ದಡದ ಹತ್ತಿರ ಹೋಗುವುದು ಹರಿವಿಗೆ ಎದುರಾಗಿ ಬರುವ ದೋಣಿಗಳು. ನಮಗೆ ಕಾಡು ಹೆಚ್ಚಿನ ಹೊತ್ತು ದೂರದ ಹಸಿರು ಗೆರೆ ಅಷ್ಟೇ. ಊಟವೂ ಸಸ್ಯಾಹಾರ ಎಂದಿದ್ದಿರಿ. ಹುರುಳಿಕಾಯಿ ಬೀಜದ ಸಾರಿನಲ್ಲಿ ಮಾಂಸ ಇತ್ತು. ಅನ್ನ, ಮರಗೆಣಸಿನ ಹಿಟ್ಟು, ಬಾಳೆಹಣ್ಣಿನಲ್ಲಿ ದಿನ ದೂಡಿದೆವು.

ಇನ್ನೊಂದು ಮಾತು ಹೇಳಲೇಬೇಕು. ಬ್ರೆಜಿಲ್‌ನಿಂದ ಮರಳುವವರ ಹತ್ತಿರ ಹಳದಿ ಜ್ವರದ ಲಸಿಕೆ ಕಾರ್ಡ್ ಇಲ್ಲದಿದ್ದರೆ ಇಲ್ಲಿ 6 ದಿನದವರೆಗೆ ಪ್ರತ್ಯೇಕವಾಗಿ ಇಡಬಹುದು. ಲಸಿಕೆಯನ್ನು ಹೊರಡುವ 10 ದಿನ ಮೊದಲೇ ಹಾಕಿಸಬೇಕು. ಇದನ್ನು ನಮಗೆ ಹೇಳಿದ್ದು ಪಕ್ಕದ ಮನೆಯವರು, ನೀವಲ್ಲ.

ಕ್ಯಾಬಿನ್‌ಗೆಂದು ಪಡೆದ 46,000 ರೂಪಾಯಿ ಮತ್ತು ಜೋಲಿಗಳ ಖರ್ಚನ್ನು 15 ದಿನದೊಳಗೆ ವಾಪಸ್ ಮಾಡಿ. ಕರಪತ್ರವನ್ನೂ ತಿದ್ದಿ, ಮುಂದೆ ಹೋಗುವವರಿಗೆ ಮೊದಲೇ ಎಲ್ಲ ತಿಳಿಸಿ. ಇಲ್ಲದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ನಿಮ್ಮ ರಸೀದಿ, ದೋಣಿಯ ಟಿಕೆಟ್, ಡೆಕ್‌ನ ಫೋಟೊಗಳನ್ನು ಜೊತೆಗೆ ಇಟ್ಟಿದ್ದೇನೆ.

ಇಂತಿ,
ನಿಮ್ಮ ಗ್ರಾಹಕಿ