ಕೋಣೆ ಮತ್ತೆ ತೆರೆದಿದೆ, ಎಲ್ಲರಿಗೂ ಥ್ಯಾಂಕ್ಸ್

ಕೊಡಗಿನ ಸುಗ್ಗಿ ಹಬ್ಬ ಹುತ್ತರಿಯ ರಜೆ ಮುಗಿದ ಸೋಮವಾರ ನಮ್ಮ ಶಾಲೆಯ ಮೇಕರ್ ರೂಮ್, ಅಂದರೆ ಮಕ್ಕಳು ಕೈಯಾರೆ ಏನಾದರೂ ಮಾಡಿ ಕಲಿಯುವ ಕೋಣೆ, ಮತ್ತೆ ತೆರೆಯಿತು. ಹೊಸ ಹೆಂಚು ಬಂದಿದೆ. ಗೋಡೆಗೆ ಸುಣ್ಣ ಆಗಿದೆ. ವೈರಿಂಗ್ ಪೂರ್ತಿ ಹೊಸದು. 6, 7, 8ನೇ ತರಗತಿಯ ಮಕ್ಕಳು ಪ್ರಾರ್ಥನೆ ಯಾವಾಗ ಮುಗಿಯುತ್ತದೋ ಅಂತ ಕಾಯುತ್ತಿದ್ದರು. ನಾನು ನಾಲ್ಕು ಮಾತು ಆಡಬೇಕು ಅಂದುಕೊಂಡಿದ್ದೆ. ಬಾಗಿಲು ತೆಗೆದದ್ದೇ ತಡ, ಎಲ್ಲರೂ ತಮ್ಮ ತಮ್ಮ ಡಬ್ಬ ಹುಡುಕಿಕೊಂಡು ಕೆಲಸಕ್ಕೆ ಕೂತೇಬಿಟ್ಟರು. ಅವರನ್ನು ತಡೆಯಲು ಮನಸ್ಸಾಗಲಿಲ್ಲ. ಅವತ್ತು ಹೇಳಬೇಕಾಗಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಮರದ ಕೊಂಬೆ ಬಿದ್ದು ಕೋಣೆಯ ಮಾಡು ಒಡೆದ ಆ ರಾತ್ರಿ ಏನೇನು ಹಾಳಾಯಿತು ಅಂತ ಮತ್ತೆ ಪಟ್ಟಿ ಕೊಡುವುದಿಲ್ಲ. ಫೋಟೋ ನೋಡಿದ್ದೀರಿ, ಫೋನ್ ಮಾಡಿ ವಿಚಾರಿಸಿದ್ದೀರಿ. ಹೆಂಚು ಹೊತ್ತು ಮೇಲೇರಿಸಿದ ಅಪ್ಪಂದಿರು, ಕೆಸರು ಬಳಿದು ತೊಳೆದ ಅಮ್ಮಂದಿರು, ದುಡ್ಡು ಆಮೇಲೆ ಕೊಡಿ ಅಂದ ಹಾರ್ಡ್‌ವೇರ್ ಅಂಗಡಿಯವರು, ಭಾನುವಾರವೂ ಬಂದು ಅರ್ಥಿಂಗ್ ಸರಿಮಾಡಿದ ಎಲೆಕ್ಟ್ರಿಷಿಯನ್ ಅಣ್ಣ, ಎಸ್‌ಡಿಎಂಸಿಯ (ಶಾಲಾಭಿವೃದ್ಧಿ ಸಮಿತಿಯ) ಎಲ್ಲ ಸದಸ್ಯರು, ಮೈಸೂರು ಬೆಂಗಳೂರಿನಿಂದ ಪಾರ್ಸೆಲ್ ಕಳಿಸಿದ ಹಳೆ ವಿದ್ಯಾರ್ಥಿಗಳು, ಮತ್ತು ‘ನೀವು ಶುರು ಮಾಡಿ, ಉಳಿದಿದ್ದು ನಾನು ನೋಡ್ಕೊಳ್ತೇನೆ’ ಅಂದ ನಮ್ಮ ಹೆಡ್ ಮೇಡಂ, ನಿಮಗೆಲ್ಲ ಮನಸಾರೆ ಥ್ಯಾಂಕ್ಸ್. ಒಂದೇ ಉಸಿರಿನಲ್ಲಿ ಮುಗಿಸಿದೆ ಅಂತ ಬೇಜಾರು ಮಾಡ್ಕೋಬೇಡಿ. ನಿಮ್ಮಲ್ಲಿ ಒಬ್ಬರು ಇಲ್ಲದಿದ್ದರೂ ಈ ಬಾಗಿಲು ಇಷ್ಟು ಬೇಗ ತೆರೆಯುತ್ತಿರಲಿಲ್ಲ.

ದೂರದಲ್ಲಿದ್ದು ಸಹಾಯ ಮಾಡಿದ ಕೆಲವರು ಕೇಳಿದ್ದೀರಿ, ಅಷ್ಟು ಪುಟ್ಟ ಮಕ್ಕಳು ಅಲ್ಲಿ ಮಾಡುವುದಾದರೂ ಏನು ಅಂತ. ರಟ್ಟು ಕತ್ತರಿಸುತ್ತಾರೆ, ಮೋಟಾರ್ ಕೂರಿಸುತ್ತಾರೆ, ಬೆಸುಗೆ ಹಾಕುತ್ತಾರೆ. ಸ್ಕ್ರ್ಯಾಚ್‌ನಲ್ಲಿ ಬಣ್ಣದ ಬ್ಲಾಕ್ ಜೋಡಿಸಿಯೇ ಕಂಪ್ಯೂಟರ್ ಪ್ರೋಗ್ರಾಂ ಮಾಡಬಹುದಾದ್ದರಿಂದ ಇಂಗ್ಲಿಷಿಗೆ ಹೆದರುವ ಮಕ್ಕಳೂ ಧೈರ್ಯವಾಗಿ ಪ್ರೋಗ್ರಾಂ ಬರೆಯುತ್ತಾರೆ. ಮೈಕ್ರೋಬಿಟ್ ಅನ್ನುವ ಪುಟಾಣಿ ಕಂಪ್ಯೂಟರ್ ಬೋರ್ಡಿನಲ್ಲಿ ಇರುವುದು ಐದಕ್ಕೆ ಐದು, ಒಟ್ಟು 25 ಪುಟ್ಟ ದೀಪ. ಅಷ್ಟರಲ್ಲೇ ಒಬ್ಬ ಹುಡುಗ ಕೊಡವರು ಸೊಂಟಕ್ಕೆ ಸಿಕ್ಕಿಸುವ ಪೀಚೆಕತ್ತಿ ಬಿಡಿಸಿ ತೋರಿಸಿದ. ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತಮಿಳು, ತುಳು ಮಾತಾಡುವ ಮಕ್ಕಳು ಒಂದೇ ಮೇಜಿನ ಸುತ್ತ ಕೂತು ಕನ್ನಡದಲ್ಲಿ ಜಗಳ ಆಡುತ್ತಾರೆ. ಆ ಜಗಳ ಕೇಳುವುದೇ ನನಗೆ ಖುಷಿ.

ಅವರು ಮಾಡಿದ್ದರಲ್ಲೆಲ್ಲ ನನಗೆ ಹೆಚ್ಚು ಇಷ್ಟ ಮಳೆಮಾಪಕ. ಕೊಡಗಿನ ತೋಟದವರು ಮಳೆಯನ್ನು ಇಂಚು, ಸೆಂಟ್ ಲೆಕ್ಕದಲ್ಲಿ ಹೇಳುತ್ತಾರೆ. ‘ನಿಮ್ಮಲ್ಲಿ ಎಷ್ಟಾಯ್ತು?’ ಅಂದರೆ ‘2 ಇಂಚು 40 ಸೆಂಟ್’ ಅನ್ನುತ್ತಾರೆ. ಒಂದು ಇಂಚಿನ ನೂರನೇ ಒಂದು ಪಾಲು ಒಂದು ಸೆಂಟ್. ನಮ್ಮ ಮಾಪಕವೂ ಸೆಂಟಿನಲ್ಲೇ ಎಣಿಸಬೇಕು ಅಂತ ಮಕ್ಕಳ ಹಠ. ಒಳಗೆ ತಕ್ಕಡಿಯ ಹಾಗೆ ಓಲಾಡುವ ಎರಡು ಪುಟ್ಟ ಬಟ್ಟಲು. ಒಂದು ತುಂಬಿದರೆ ಮಗುಚಿಕೊಂಡು ಖಾಲಿಯಾಗುತ್ತದೆ, ಇನ್ನೊಂದು ಅದರ ಜಾಗಕ್ಕೆ ಬರುತ್ತದೆ. ಮಗುಚಿದಾಗೆಲ್ಲ ಒಂದು ಅಯಸ್ಕಾಂತ ರೀಡ್ ಸ್ವಿಚ್ಚಿನ (ಅಯಸ್ಕಾಂತ ಹತ್ತಿರ ಬಂದರೆ ಆನ್ ಆಗುವ ಸ್ವಿಚ್) ಮುಂದೆ ಹಾದುಹೋಗುತ್ತದೆ, ಬೋರ್ಡು ಒಂದು ಎಣಿಸುತ್ತದೆ. ಮೇಲೆ ಮಳೆ ಹಿಡಿಯುವ ಆಲಿಕೆಯ ಬಾಯಿ 10 ಸೆಂ.ಮೀ. ಅಗಲ. ಅಷ್ಟಗಲದ ಬಾಯಿಗೆ ಒಂದು ಸೆಂಟ್ ಮಳೆ ಬಿದ್ದರೆ ಎಷ್ಟು ನೀರು? ಲೆಕ್ಕ ಹಾಕಿದರೆ ಸುಮಾರು 2 ಎಂ.ಎಲ್. ಬಂತು. ವೃತ್ತದ ವಿಸ್ತೀರ್ಣ ಯಾಕೆ ಕಲಿಯಬೇಕು ಅಂತ ಆಮೇಲೆ ಯಾರೂ ಕೇಳಲಿಲ್ಲ.

ಮೆಡಿಕಲ್ ಶಾಪಿನಿಂದ 2 ಎಂ.ಎಲ್. ಸಿರಿಂಜ್ ತಂದೆವು, ಸೂಜಿ ಇಲ್ಲದ್ದು. 7ನೇ ತರಗತಿಯ ಒಬ್ಬಳು ಉಸಿರು ಬಿಗಿಹಿಡಿದು ಹನಿ ಹನಿಯಾಗಿ ನೀರು ಬಿಡುವುದು, ಇನ್ನೊಬ್ಬಳು ಬಟ್ಟಲಿನ ಕೆಳಗಿನ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುವುದು. ಕೊನೆಯ ಹನಿ ಬಿದ್ದಾಗ ಸರಿಯಾಗಿ ‘ಟಕ್’ ಅಂತ ಮಗುಚಬೇಕು. ಮೊದಲೇ ಮಗುಚಿದರೂ ತಪ್ಪು, ತಡವಾದರೂ ತಪ್ಪು. ಆ ‘ಟಕ್’ ಕೇಳಿದ ದಿನ ಇಡೀ ಕೋಣೆ ಕಿರುಚಿತು.

ಪಕ್ಕದ ತೋಟದ ಅಜ್ಜನಿಗೂ ಇಲ್ಲಿ ಥ್ಯಾಂಕ್ಸ್ ಹೇಳಬೇಕು. ಅವರ ಅಂಗಳದಲ್ಲಿ 5 ಇಂಚು ಬಾಯಿಯ ಹಳೆ ಸೈಮನ್ಸ್ ಮಾಪಕ ಇದೆ. ದಿನಾ ಬೆಳಗ್ಗೆ ಅಳೆದು ಡೈರಿಯಲ್ಲಿ ಬರೆಯುತ್ತಾರೆ. ಆ ಡೈರಿಗಳನ್ನೇ ಮಕ್ಕಳ ಕೈಗೆ ಕೊಟ್ಟರು. ಸಣ್ಣ ಮಳೆಗೆ ಇಬ್ಬರ ಲೆಕ್ಕವೂ ಹೊಂದುತ್ತದೆ, ಜೋರು ಮಳೆಗೆ ಮಾತ್ರ ಮಕ್ಕಳದ್ದು ಕಮ್ಮಿ ಬರುತ್ತದೆ. ಬಟ್ಟಲು ಮಗುಚುವ ಆ ಒಂದು ಕ್ಷಣದಲ್ಲಿ ಬೀಳುವ ನೀರು ಎಣಿಕೆಗೆ ಸಿಗದೆ ಹೋಗುತ್ತದೆ ಅಂತ ಮಕ್ಕಳೇ ಕಂಡುಹಿಡಿದರು. ‘ಮೆಷಿನ್ ತಪ್ಪು’ ಅಂತ ಅಜ್ಜ ಒಂದು ಸಲವೂ ಅನ್ನಲಿಲ್ಲ. ‘ಎಷ್ಟು ವ್ಯತ್ಯಾಸ ಅಂತ ಬರೆದಿಟ್ಕೊಳ್ಳಿ’ ಅಂದರು.

2018ರ ಆಗಸ್ಟ್‌ನಲ್ಲಿ ಮಡಿಕೇರಿ ಸುತ್ತಮುತ್ತ ಗುಡ್ಡ ಕುಸಿದಾಗ ಈ ಮಕ್ಕಳು ಪುಟ್ಟವರು. ಆದರೂ ರಾತ್ರಿ ಮಳೆ ಜೋರಾದರೆ ಮನೆಯ ದೊಡ್ಡವರು ಎದ್ದು ಕೂರುವುದನ್ನು ನೋಡಿಕೊಂಡೇ ಬೆಳೆದಿದ್ದಾರೆ. ಮಳೆ ಅಳೆಯುವುದು ಅವರಿಗೆ ಸುಮ್ನೆ ಪ್ರಾಜೆಕ್ಟ್ ಅಲ್ಲ.

ಈಗ ಅಕ್ಕನ ವಿಷಯ. ನಮ್ಮ ಶಾಲೆಯಲ್ಲಿ ಬಿಸಿಯೂಟ ಮಾಡುವ ಅಕ್ಕ. ‘ನನ್ನ ಹೆಸರೆಲ್ಲ ಹಾಕ್ಬೇಡಿ ಟೀಚರ್’ ಅಂದಿದ್ದಾರೆ, ಹಾಕುವುದಿಲ್ಲ. ಆದರೆ ಬರೆಯದೆ ಇರಲು ನನ್ನಿಂದ ಆಗುವುದಿಲ್ಲ.

ಆ ರಾತ್ರಿ ಊರಿನಲ್ಲಿ ಕರೆಂಟ್ ಇರಲಿಲ್ಲ, ನೆಟ್‌ವರ್ಕ್ ಇರಲಿಲ್ಲ. ಸಿಲ್ವರ್ ಓಕ್ ಕೊಂಬೆ ಮಾಡಿನ ಮೇಲೆ ಬಿದ್ದ ಸದ್ದು ಕೇಳಿದ್ದು ಶಾಲೆಯ ಹಿಂದಿನ ಮನೆಯ ಅಕ್ಕನಿಗೆ. ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು, ಟಾರ್ಚ್ ಹಿಡಿದು, ನನ್ನ ಬಾಡಿಗೆ ಮನೆಯ ಬಾಗಿಲು ಬಡಿದರು. ನಾವು ಹೋಗುವಷ್ಟರಲ್ಲಿ ಕೋಣೆಯೊಳಗೆ ಪಾದ ಮುಳುಗುವಷ್ಟು ಕೆಸರು ನೀರು. ಮೇಜಿನ ಮೇಲೆಲ್ಲ ಹೆಂಚಿನ ಚೂರು. ಮೇಲಿನಿಂದ ಮಳೆ ಸುರಿಯುತ್ತಲೇ ಇತ್ತು. ಮಕ್ಕಳು ರಟ್ಟಿನಲ್ಲಿ ಕಟ್ಟಿದ್ದ ಊರು, ಅದರ ಸಂತೆ, ಬಸ್‌ಸ್ಟ್ಯಾಂಡ್, ದೀಪ ಹತ್ತುವ ಸೇತುವೆ, ಎಲ್ಲ ಮುದ್ದೆಯಾಗಿ ನೀರಿನಲ್ಲಿ ತೇಲುತ್ತಿತ್ತು. ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಕೈಕಾಲು ಆಡಲಿಲ್ಲ.

ಅಕ್ಕ ಒಳಗೆ ಹೋದರು. ಕರೆಂಟ್ ಇಲ್ಲದಿದ್ದರೂ ಮೊದಲು ಮೇನ್ ಸ್ವಿಚ್ ಇಳಿಸಿದರು. ಒಂದು ಟ್ರೇ ಎತ್ತಿಕೊಂಡು, ‘ಟೀಚರ್, ಮೊದ್ಲು ಬ್ಯಾಟ್ರಿ ತೆಗೀಬೇಕಲ್ವಾ?’ ಅಂದರು.

ನಾನು ಅವರ ಮುಖ ನೋಡಿದೆ.

‘ಮಕ್ಕಳಿಗೆ ಹೇಳ್ತಿರ್ತೀರಲ್ಲ. ನೀರು ತಾಗಿದ್ರೆ ಮೊದ್ಲು ಬ್ಯಾಟ್ರಿ, ಆಮೇಲೆ ಬಾಕಿದ್ದೆಲ್ಲ ಅಂತ.’

ಅಡುಗೆಮನೆಯ ಕಿಟಕಿ ನಮ್ಮ ಕೋಣೆಯ ಕಿಟಕಿಗೆ ಎದುರು. ಬೇಳೆ ಬೇಯುವಾಗ, ತರಕಾರಿ ಹೆಚ್ಚುವಾಗ ಅವರ ಕಿವಿ ನಮ್ಮ ಪಾಠದ ಕಡೆ ಇರುತ್ತಿತ್ತು. ಅದು ನನಗೆ ಗೊತ್ತಾದದ್ದು ಆ ರಾತ್ರಿ.

ಒಂದೊಂದೇ ಬ್ಯಾಟರಿ ತೆಗೆದೆವು. ಬೋರ್ಡು, ಸೆನ್ಸರ್, ಮೋಟಾರ್ ಎಲ್ಲವನ್ನೂ ಬಿಸಿಯೂಟದ ದೊಡ್ಡ ಅನ್ನದ ಪಾತ್ರೆಗಳಿಗೆ ತುಂಬಿ ಅಕ್ಕನ ಮನೆಗೆ ಹೊತ್ತೆವು. ಭಾರದ ಪಾತ್ರೆ ಅವರೇ ಹೊತ್ತರು. ಕಾಫಿ ಒಣಗಿಸುವ ಟಾರ್ಪಲ್ ತಂದು 3ಡಿ ಪ್ರಿಂಟರಿಗೆ ಹೊದಿಸಿ ಕಟ್ಟಿದರು. ಕೆಸರು ತಾಗಿದ ಬೋರ್ಡನ್ನು ಹಾಗೇ ಒಣಗಿಸಿದರೆ ಅದರಲ್ಲಿನ ಉಪ್ಪಿನಂಶ ತಾಮ್ರದ ಗೆರೆಗಳನ್ನು ತಿಂದುಹಾಕುತ್ತದೆ. ಅದಕ್ಕೆ ಕುದಿಸಿ ಆರಿಸಿದ ನೀರಿನಲ್ಲಿ ಹಳೆ ಹಲ್ಲುಜ್ಜುವ ಬ್ರಷ್ ಹಿಡಿದು ಒಂದೊಂದನ್ನೂ ತೊಳೆದೆವು. ಪ್ರಥಮ ಚಿಕಿತ್ಸೆ ಡಬ್ಬದ ಸ್ಪಿರಿಟ್ ಹಚ್ಚಿದ್ದು ಹೊರಗಿನ ಜಗಲಿಯಲ್ಲಿ, ಒಲೆಯಿಂದ ದೂರ. ವಾಸನೆ ಪೂರ್ತಿ ಹೋಗುವ ತನಕ ಯಾವುದನ್ನೂ ಒಳಗೆ ತರಲಿಲ್ಲ.

ಒಣಗಿಸುವುದು ಹೇಗೆ? ಹೇರ್ ಡ್ರೈಯರ್ ಇದ್ದರೂ ಕರೆಂಟ್ ಬೇಕಲ್ಲ. ಮಳೆಗಾಲದಲ್ಲಿ ನಮ್ಮ ಕಡೆ ಬಟ್ಟೆ ಒಣಗಿಸುವ ರೀತಿ ನಿಮಗೆ ಗೊತ್ತೇ ಇದೆ. ಕೆಂಡದ ಮೇಲೆ ಬಿದಿರಿನ ಬುಟ್ಟಿ ಮಗುಚಿ, ಅದರ ಮೇಲೆ ಬಟ್ಟೆ ಹರಡುವುದು. ಅಕ್ಕ ಅದನ್ನೇ ಮಾಡಿದರು. ಕೆಂಡಕ್ಕೆ ಬೂದಿ ಮುಚ್ಚಿ ಕಾವು ತಗ್ಗಿಸಿದರು. ಬುಟ್ಟಿಯ ಮೇಲೆ ಹಳೆ ಸೀರೆಯ ತುಂಡು ಹಾಸಿ ಬೋರ್ಡುಗಳನ್ನು ಸಾಲಾಗಿ ಇಟ್ಟರು. ಆಗಾಗ ಅಂಗೈ ಇಟ್ಟು ನೋಡುವುದು, ಜಾಸ್ತಿ ಅನ್ನಿಸಿದರೆ ಇನ್ನೊಂದು ಹಿಡಿ ಬೂದಿ. ಬೆಳಗಾಗುವ ತನಕ ಹೀಗೇ. ನಡುವೆ ಒಂದು ಸಲವೂ ಕೂತದ್ದು ನಾನು ನೋಡಲಿಲ್ಲ.

ಬೆಳಗಿನ ಜಾವ ನಾನು ಅತ್ತುಬಿಟ್ಟೆ. ಜೋರಾಗಿ ಅತ್ತೆ. ಈ ಕೋಣೆ ಶುರು ಮಾಡುವಾಗ ಸಹಾಯ ಕೇಳಲು ಹೋದ ಒಂದು ಕಡೆ, ‘ತೋಟದ ಮಕ್ಕಳಿಗೆ ಇದೆಲ್ಲ ಯಾಕೆ ಮೇಡಂ?’ ಅಂದಿದ್ದರು. ಆ ಮಾತು ಅವತ್ತು ಮತ್ತೆ ಕಿವಿಯಲ್ಲಿ ಕೇಳಿಸಿತು. ಟ್ರಾನ್ಸ್‌ಫರ್ ತಗೊಂಡು ಊರಿಗೆ ಹೋಗಿಬಿಡೋಣ ಅನ್ನಿಸಿತು. ಮಕ್ಕಳಿಗೆ ಯಾವ ಮುಖ ಇಟ್ಟುಕೊಂಡು ಹೇಳುವುದು? ಆ ರಟ್ಟಿನ ಊರು ಕಟ್ಟಲು ಒಬ್ಬ ಹುಡುಗ ತನ್ನ ಹೊಸ ಚಪ್ಪಲಿಯ ಪೆಟ್ಟಿಗೆ ತಂದುಕೊಟ್ಟಿದ್ದ. ಅವನ ಮನೆಯಲ್ಲಿ ಹೊಸ ಚಪ್ಪಲಿ ಎಷ್ಟು ಅಪರೂಪ ಅಂತ ನನಗೆ ಗೊತ್ತು.

ಅಕ್ಕ ಸಮಾಧಾನದ ಮಾತು ಆಡಲಿಲ್ಲ. ಬೆಲ್ಲದ ಕಾಫಿ ಮಾಡಿ ಕೈಗೆ ಕೊಟ್ಟರು. ಆಮೇಲೆ ಬುಟ್ಟಿಯ ಮೇಲಿನ ಸಾಲು ತೋರಿಸಿ ಹೇಳುತ್ತಾ ಹೋದರು. ‘ಇದು ತೋಟದ ಲೈನ್‌ಮನೆ ಹುಡುಗನ ಹಕ್ಕಿದು. ಇದು ಅಕ್ಕ-ತಂಗಿ ಸೇರಿ ಮಾಡಿದ ಗಂಟೆ. ಇದು ಆನೆ ಬಂದ್ರೆ ಕೂಗ್ಬೇಕು ಅಂತ ಮಾಡಿದ್ದು, ದನಕ್ಕೂ ಕೂಗುತ್ತೆ ಅಂತ ಬೇಜಾರಲ್ಲಿದ್ರಲ್ಲ, ಅದು. ಗುರುತು ಹಾಕಿಡುವ ಟೀಚರ್. ಹುಡುಗ್ರು ಬಂದು ಕೇಳ್ತಾರೆ.’

ಯಾವುದು ಯಾವ ಮಗುವಿನದು ಅಂತ ಪ್ರತಿಯೊಂದೂ ಅವರಿಗೆ ಗೊತ್ತಿತ್ತು. ನಾನು ಕಾಗದದ ಚೂರಿನಲ್ಲಿ ಹೆಸರು ಬರೆದೆ, ಅವರು ದಾರ ಕಟ್ಟಿದರು. ಆ ಕೆಲಸ ಮುಗಿಯುವಷ್ಟರಲ್ಲಿ ನನ್ನ ಅಳು ನಿಂತಿತ್ತು. ಬಿಸಿಯೂಟದವರಿಗೆ ಸಿಗುವುದು ಸಣ್ಣ ಗೌರವಧನ. ಆ ರಾತ್ರಿಯ ದುಡಿಮೆ ಯಾವ ಲೆಕ್ಕದಲ್ಲೂ ಬರುವುದಿಲ್ಲ. ಅಕ್ಕ, ನೀವು ಆ ರಾತ್ರಿ ಬಾಗಿಲು ಬಡಿಯದಿದ್ದರೆ ನಾನು ಇವತ್ತು ಈ ಶಾಲೆಯಲ್ಲಿ ಇರುತ್ತಿರಲಿಲ್ಲ. ಇದನ್ನು ನಿಮ್ಮ ಎದುರು ಹೇಳಲು ಹೋದಾಗೆಲ್ಲ ‘ಅನ್ನ ಉಕ್ಕುತ್ತೆ, ಬಂದೆ’ ಅಂತ ಒಳಗೆ ಹೋಗುತ್ತೀರಿ. ಅದಕ್ಕೇ ಬರೆದಿದ್ದೇನೆ.

ಹೆಚ್ಚಿನ ಬೋರ್ಡುಗಳು ಬದುಕಿದವು. ಒಂದು ಲ್ಯಾಪ್‌ಟಾಪ್ ಏಳಲಿಲ್ಲ. ಹೊರಗೆ ಕಂಬಕ್ಕೆ ಕಟ್ಟಿದ್ದ ಮಳೆಮಾಪಕ ಮಾತ್ರ ಆ ರಾತ್ರಿಯೆಲ್ಲ ಎಣಿಸುತ್ತಲೇ ಇತ್ತು. ಬೆಳಗ್ಗೆ ನೋಡಿದರೆ 7 ಇಂಚು 10 ಸೆಂಟ್. ಅಜ್ಜನ ಡೈರಿಯಲ್ಲಿ 7 ಇಂಚು 85 ಸೆಂಟ್. ಹವಾಮಾನ ಇಲಾಖೆ 24 ಗಂಟೆಯಲ್ಲಿ 204.4 ಮಿ.ಮೀ. ದಾಟಿದರೆ ಅದನ್ನು ಅತ್ಯಂತ ಭಾರೀ ಮಳೆ ಅನ್ನುತ್ತದೆ. ನಮ್ಮ ಲೆಕ್ಕಕ್ಕೆ ತಂದರೆ ಸುಮಾರು 8 ಇಂಚು 5 ಸೆಂಟ್. ಅದರ ಹತ್ತಿರ ಹತ್ತಿರ ಬಂದಿತ್ತು.

ಶಾಲೆ ಶುರುವಾದ ಮೇಲೆ ಮಕ್ಕಳು ಅಕ್ಕನ ಬುಟ್ಟಿಯನ್ನೇ ಪರೀಕ್ಷೆ ಮಾಡಿದರು. ಅದೇ ರೀತಿ ಕೆಂಡಕ್ಕೆ ಬೂದಿ ಮುಚ್ಚಿಸಿ, ಬುಟ್ಟಿಯ ಮೇಲೆ ಉಷ್ಣತೆಯ ಸೆನ್ಸರ್ ಇಟ್ಟು ನೋಡಿದರು. 50 ಡಿಗ್ರಿ ಆಸುಪಾಸಿನಲ್ಲಿ ನಿಂತಿತು. ಬೋರ್ಡು ಒಣಗಿಸಲು ಅದು ಸರಿಯಾದ ಕಾವು. ಅಕ್ಕ ಅಂಗೈಯಲ್ಲಿ ಅಳೆದದ್ದು ಅದನ್ನೇ. ಆಮೇಲೆ 3ಡಿ ಪ್ರಿಂಟರಿನ ಫಿಲಮೆಂಟಿಗೂ, ಅಂದರೆ ಪ್ಲಾಸ್ಟಿಕ್ ಎಳೆಯ ಸುರುಳಿಗೂ, ಅವರ ಒಲೆಯ ಮೇಲಿನ ಅಟ್ಟದಲ್ಲೇ ಜಾಗ ಸಿಕ್ಕಿತು. ನಮ್ಮ ಮಳೆಗಾಲಕ್ಕೆ ಆ ಪ್ಲಾಸ್ಟಿಕ್ ತೇವ ಎಳೆದುಕೊಂಡು, ಪ್ರಿಂಟ್ ಮಾಡುವಾಗ ಚಟಪಟ ಅನ್ನುತ್ತದೆ, ಎಳೆ ಎಳೆಯಾಗಿ ಜೋಲುತ್ತದೆ. ಅಟ್ಟದಲ್ಲಿ ಏಲಕ್ಕಿ ಡಬ್ಬದ ಪಕ್ಕ ಇಟ್ಟಿದ್ದ ಸುರುಳಿ ಈಗ ಚೆನ್ನಾಗಿ ಓಡುತ್ತಿದೆ. ಹೋದ ವಾರ ಅಕ್ಕ ಪಾತ್ರೆ ತೊಳೆದು ಮುಗಿಸಿ ಬಂದು, ‘ನನಗೂ ಒಂದು ಬೆಸುಗೆ ಹಾಕಿ ನೋಡ್ಬೇಕು’ ಅಂದರು. 8ನೇ ತರಗತಿಯ ಹುಡುಗಿ ಅವರಿಗೆ ಕನ್ನಡಕ ಹಾಕಿಸಿ ಕಲಿಸಿದಳು.

ಮುಂದಿನ ಕೆಲಸ ಹೂಮಳೆಗೆ ಮುಂಚೆ ಮುಗಿಯಬೇಕು. ಫೆಬ್ರವರಿ-ಮಾರ್ಚ್‌ನಲ್ಲಿ ರೊಬಸ್ಟಾ ಕಾಫಿ ಹೂ ಅರಳಲು ಸುಮಾರು ಒಂದು ಇಂಚು ಮಳೆ ಬೇಕು. ಕಮ್ಮಿಯಾದರೆ ಸ್ಪ್ರಿಂಕ್ಲರ್ ಹಾಕಬೇಕು. ಒಂದು ತೋಟಕ್ಕೆ ಬಿದ್ದ ಮಳೆ ಪಕ್ಕದ ತೋಟಕ್ಕೆ ಬಿದ್ದಿರುವುದಿಲ್ಲ. ಹಾಗಾಗಿ ಇನ್ನೂ ಕೆಲವು ಮಾಪಕ ಮಾಡಿ ಬೇರೆ ಬೇರೆ ಮನೆಗಳ ಕಣದಲ್ಲಿ ಇಡಬೇಕು ಅಂತ ಮಕ್ಕಳು ಹೊರಟಿದ್ದಾರೆ. ಕಾಫಿ ಕೊಯ್ಲಿನ ಗಡಿಬಿಡಿ ಇದೆ ಅಂತ ಗೊತ್ತು. ಆದರೂ ನಿಮ್ಮ ಕಣದಲ್ಲಿ ಒಂದು ಕಂಬ ನೆಡುವಷ್ಟು ಜಾಗ ಇದ್ದರೆ, ಮೇಲೆ ಮರದ ನೆರಳು ಇಲ್ಲದಿದ್ದರೆ, ಮಕ್ಕಳಿಗೆ ಹೇಳಿ. ಶನಿವಾರ ಶಾಲೆ ಬಿಟ್ಟ ಮೇಲೆ ನಾವೆಲ್ಲ ಕೋಣೆಯಲ್ಲೇ ಇರುತ್ತೇವೆ.