ಒದ್ದೆ ನೋಟ್‌ಬುಕ್ಕಿನಿಂದ ಹೊರಟ ನೌಕೆ

ಮೊನ್ನೆ ಸಂಜೆ ಪ್ರೆಸ್ಸಿನಿಂದ ಪುಸ್ತಕದ ಕಟ್ಟುಗಳು ಬಂದವು. ನನ್ನ ಕೈ ನಡುಗುತ್ತಿತ್ತು. ಹುರಿ ಕತ್ತರಿಸಿದವರು ನಮ್ಮ ವೈನಿ, ಅಂದರೆ ಅತ್ತಿಗೆ. ಕತ್ತರಿಸಬೇಕಾದವರೂ ಅವರೇ.

ನನ್ನ ಕಾದಂಬರಿ ಬಾಹ್ಯಾಕಾಶದ ಒಂದು ಯುದ್ಧನೌಕೆಯದು. ನೌಕೆಯ ಹೆಸರು ಘಟಪ್ರಭಾ. ಮಂಗಳ ಗ್ರಹದ ಹತ್ತಿರ ಕಾವಲಿಗೆ ನಿಂತ ನಲವತ್ತೊಂದು ಜನ ಅದರಲ್ಲಿದ್ದಾರೆ. ಗೋಕಾಕಿನ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು ಇದನ್ನು ಶುರು ಮಾಡಿದೆ. ಮುಗಿಸಲು ಒಬ್ಬಳಿಂದ ಆಗಲಿಲ್ಲ. ಕೈ ಹಿಡಿದವರಿಗೆ ಇಲ್ಲಿ ಎರಡು ಮಾತು ಹೇಳಲೇಬೇಕು.

2019ರ ಆಗಸ್ಟ್. ಘಟಪ್ರಭಾ ನದಿ ಉಕ್ಕಿ ಊರೊಳಗೆ ಬಂತು. ಉಟ್ಟ ಬಟ್ಟೆಯಲ್ಲೇ ಮನೆ ಬಿಟ್ಟೆವು. ಕಾದಂಬರಿಯ ಮೂರು ನೋಟ್‌ಬುಕ್ಕುಗಳು ಟ್ರಂಕಿನಲ್ಲೇ ಉಳಿದವು. ನೀರು ಇಳಿದ ಮೇಲೆ ತೆಗೆದು ನೋಡಿದರೆ ಬಾಲ್ ಪೆನ್ನಿನ ಅಕ್ಷರ ಮಸುಕಾಗಿ ಉಳಿದಿತ್ತು, ಇಂಕ್ ಪೆನ್ನಿನದು ನೀಲಿ ಕಲೆಯಾಗಿತ್ತು. ಮನೆ ತುಂಬ ಮೊಣಕಾಲುದ್ದ ಕೆಸರು. ನೋಟ್‌ಬುಕ್ಕುಗಳನ್ನೂ ಅದರ ಜೊತೆ ಬಳಿದು ಹಾಕೋಣ ಅಂತ ಹೊರಟಿದ್ದೆ. ವೈನಿ ಕೈಯಿಂದ ಕಸಿದುಕೊಂಡರು. "ತಡಿ, ಹಾಳಿಗೆ ಹಾಳಿ ಅಂಟ್ಯಾವು. ಎಳಿಬ್ಯಾಡ, ಹರೀತಾವ," ಅಂದರು.

ಓಣಿಯ ಹೆಣ್ಣುಮಕ್ಕಳು ಒಂದೊಂದೇ ಹಾಳೆ ಬಿಡಿಸಿ ಬಟ್ಟೆ ಒಣಗಿಸುವ ತಂತಿಯ ಮೇಲೆ ಹಾಕಿದರು. ಅವರ ಮನೆಗಳಲ್ಲಿ ಜೋಳದ ಚೀಲಗಳು ನೆನೆದು ನಾರುತ್ತಿದ್ದ ಹೊತ್ತು ಅದು. ಅಂಥಾದ್ದರಲ್ಲೂ ನನ್ನ ಹಾಳೆ ಒಣಗಿಸಿದರು. ಆಮೇಲೆ ಎರಡು ತಿಂಗಳು, ರೊಟ್ಟಿ ಬಡಿದು ಎಲ್ಲರಿಗೂ ಬಡಿಸಿ ಆದ ಮೇಲೆ, ವೈನಿ ಬೆಳಕಿಗೆ ಹಿಡಿದು ಒಂದೊಂದು ಸಾಲು ಓದಿ ಹೇಳಿದರು. ನಾನು ಮತ್ತೆ ಬರೆದುಕೊಂಡೆ. ನೆರೆ ತಂದ ನದಿಯ ಹೆಸರು ನೌಕೆಗೆ ಬೇಡ ಅಂತ ಕೆಲವರು ಹೇಳಿದರು. ನಾನು ಬದಲಿಸಲಿಲ್ಲ. ನಾವು ಕುಡಿಯೋದು ಅದೇ ನೀರು ಅಲ್ವಾ?

ಇನ್ನು ನಮ್ಮ ಸುಬೇದಾರ್ ಮಾಮಾ. ಬೆಳಗಾವಿಯ ಮರಾಠಾ ಲೈಟ್ ಇನ್‌ಫೆಂಟ್ರಿಯಲ್ಲಿ ತಯಾರಾದವರು. ನನ್ನ ಮೊದಲ ಬರಹದಲ್ಲಿ ಸೈನಿಕರು ಸುಮ್ನೆ ಘೋಷಣೆ ಕೂಗುತ್ತಿದ್ದರು. ಮಾಮಾ ಹತ್ತು ಪುಟ ಕೇಳಿ, "ಇವ್ರು ಊಟ ಯಾವಾಗ ಮಾಡ್ತಾರವ್ವಾ? ಕಾವಲು ಯಾರು ಬದಲಿಸ್ತಾರ?" ಅಂದರು. ಆವತ್ತಿನಿಂದ ಪ್ರತಿ ಭಾನುವಾರ ಪಾಠ. ಗಡಿಯ ಮೋರ್ಚಾದಲ್ಲಿ ನಸುಕಿಗೂ ಮುಸ್ಸಂಜೆಗೂ ಎಲ್ಲರೂ ಬಂದೂಕು ಹಿಡಿದು ತಮ್ಮ ಜಾಗದಲ್ಲಿ ನಿಲ್ಲುವ 'ಸ್ಟ್ಯಾಂಡ್ ಟು' ಹೇಳಿಕೊಟ್ಟರು. ಕತ್ತಲಲ್ಲಿ ಕಾವಲಿನ ಸಂತ್ರಿ "ಥಮ್, ಕೌನ್ ಆತಾ ಹೈ" (ನಿಲ್ಲು, ಯಾರು ಬರ್ತಿರೋದು) ಅಂತ ಕೂಗುವಾಗ ದನಿ ಹೇಗಿರಬೇಕು ಅಂತ ಅಂಗಳದಲ್ಲಿ ನಿಂತು ಕೂಗಿ ತೋರಿಸಿದರು. ಒಂದು ಮಾತಂತೂ ಕಾದಂಬರಿಯನ್ನೇ ತಿರುಗಿಸಿತು. "ಜವಾನ ಉಂಡ ಮ್ಯಾಲ ಸಾಬ್ ಉಣತಾನ. ಅದಕ್ಕ ಸಾಬ್ ಹೇಳಿದ ಕಡೆ ಜವಾನ ಹೋಗ್ತಾನ." ಅವರ ಮಾತಿನಲ್ಲಿ ಜವಾನ ಅಂದರೆ ಸೈನಿಕ, ಸಾಬ್ ಅಂದರೆ ಅಧಿಕಾರಿ. ಇಂಗಾಲದ ಡೈಆಕ್ಸೈಡ್ ಹೀರುವ ಫಿಲ್ಟರ್ ಕೆಟ್ಟಾಗ ನನ್ನ ಕ್ಯಾಪ್ಟನ್ ಗಾಳಿಯ ಮಾಸ್ಕನ್ನು ಎಲ್ಲರಿಗಿಂತ ಕೊನೆಗೆ ಹಾಕಿಕೊಳ್ಳುತ್ತಾಳೆ. ಆ ಅಧ್ಯಾಯ ಮಾಮಾ ಅವರದ್ದೇ.

ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸಿದ ಸರ್ ಕೆಂಪು ಪೆನ್ನು ಹಿಡಿದು ಇಡೀ ಕಾದಂಬರಿ ತಿದ್ದಿದರು. ನಿರ್ವಾತದಲ್ಲಿ ಸ್ಫೋಟದ ಸದ್ದು ಕೇಳಿಸೋದಿಲ್ಲ, ತೆಗೆ. ಅಲ್ಲಿ ನೌಕೆಗೆ ಬ್ರೇಕ್ ಇಲ್ಲ, ನಿಲ್ಲಿಸಲು ಹಿಂದುಮುಂದಾಗಿ ತಿರುಗಿ, ಹೋಗುತ್ತಿರುವ ದಿಕ್ಕಿಗೇ ಎಂಜಿನ್ ಉರಿಸಬೇಕು. ಎಂಜಿನ್ ಕಾವು ಗಾಳಿಗೆ ಬಿಡೋಣ ಅಂದರೆ ಗಾಳಿಯೇ ಇಲ್ಲ, ದೊಡ್ಡ ರೇಡಿಯೇಟರ್ ಹಲಗೆಗಳಿಂದ ವಿಕಿರಣವಾಗಿ ಹೋಗಬೇಕು. ಹೀಗೆ ಪುಟದ ಅಂಚೆಲ್ಲ ಕೆಂಪು. ಕೊನೆಗೆ ಒಂದು ಲೆಕ್ಕ ಬರೆದಿದ್ದರು. ಮಂಗಳಕ್ಕೆ ರೇಡಿಯೊ ಸಂದೇಶ ಮುಟ್ಟಲು ದೂರಕ್ಕೆ ತಕ್ಕಂತೆ ಸುಮಾರು 3ರಿಂದ 22 ನಿಮಿಷ ಬೇಕು. ಅತಿ ದೂರದಲ್ಲಿದ್ದಾಗ ಕೇಳಿ ಉತ್ತರ ಪಡೆಯಲು 44 ನಿಮಿಷ. "ಶತ್ರು ಅಷ್ಟು ಹೊತ್ತು ಕಾಯ್ತಾನೇನಮ್ಮಾ?" ಅಂತ ಕೆಳಗೆ ಒಂದೇ ಸಾಲು.

ಆ ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲ. ಅಪ್ಪಣೆ ಬರುವುದೇ ಇಲ್ಲ ಅಂದಾಗ ಜನ ಯಾರಿಗೆ ನಿಷ್ಠರಾಗಿರುತ್ತಾರೆ? ಅದೇ ಗುಂಗಿನಲ್ಲಿ ಒಂದು ದಿನ ಅಣ್ಣನ ಬೈಕಿನಲ್ಲಿ ನಂದಗಡಕ್ಕೆ ಹೋದೆ. ಅಲ್ಲಿ ಸಂಗೊಳ್ಳಿ ರಾಯಣ್ಣನ ಸಮಾಧಿ ಇದೆ, ಆಲದ ಮರ ಇದೆ. ಕಿತ್ತೂರು ಬಿದ್ದು, ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲೇ 1829ರಲ್ಲಿ ತೀರಿಕೊಂಡಳು. ಇನ್ನು ಯಾರ ಅಪ್ಪಣೆ ಅಂತ ರಾಯಣ್ಣ ಮನೆಗೆ ಹೋಗಲಿಲ್ಲ. ಕಾಡಿನಲ್ಲಿದ್ದು ಹೋರಾಡಿದ. 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿದ. ಮರದ ಕೆಳಗೆ ತುಂಬಾ ಹೊತ್ತು ಕೂತಿದ್ದೆ. ಅಣ್ಣ ಒಂದು ಮಾತೂ ಕೇಳದೆ ಬಿಸಿಲಲ್ಲಿ ಕಾದ. ಕಾದಂಬರಿಯ ಕೊನೆಯ ಭಾಗ ಅಲ್ಲೇ ಹುಟ್ಟಿತು. ಅಣ್ಣಾ, ಆವತ್ತು ಹೇಳೋಕೆ ಆಗಲಿಲ್ಲ, ಈಗ ಹೇಳ್ತೀನಿ. ನಿನ್ನ ಉಪಕಾರ ದೊಡ್ಡದು.

ಒಬ್ಬ ಪ್ರಕಾಶಕರು ಹಸ್ತಪ್ರತಿಯನ್ನು ಒಂದು ವರ್ಷ ಇಟ್ಟುಕೊಂಡು, ಕಟ್ಟು ಕೂಡ ಬಿಚ್ಚದೆ ವಾಪಸ್ ಕಳಿಸಿದರು. ಆ ರಾತ್ರಿ ಬಹಳ ಅತ್ತೆ. ಅಷ್ಟೇ, ಅದನ್ನು ಬೆಳೆಸೋದು ಬೇಡ. ಮುಂಗಡ ಕೇಳದೆ ಅಚ್ಚು ಹಾಕಿದ ಪ್ರೆಸ್ಸಿನ ಕಾಕಾ, ಒತ್ತಕ್ಷರ ತಪ್ಪಿದಲ್ಲೆಲ್ಲ ತಾವಾಗಿಯೇ ತಿದ್ದಿದ, ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಡಿಟಿಪಿ ತಂಗಿ, ನಿಮ್ಮಿಬ್ಬರಿಗೂ ಕೈ ಮುಗಿಯುತ್ತೇನೆ.

ತಂತಿಯ ಮೇಲೆ ಒಣಗಿದ ಹಾಳೆಗಳಲ್ಲಿ ಒಂದನ್ನು ಮಾತ್ರ ವೈನಿಗೂ ಓದಲು ಆಗಿರಲಿಲ್ಲ. ಪೂರ್ತಿ ನೀಲಿ. ಅದರಲ್ಲಿ ಏನಿತ್ತು ಅಂತ ನನಗೂ ನೆನಪಿಲ್ಲ. ವೈನಿ ಅದನ್ನು ಎಸೆಯದೆ ದೇವರ ಜಗುಲಿಯ ಮೇಲೆ ಪಂಚಾಂಗದ ಒಳಗೆ ಇಟ್ಟಿದ್ದರು. ಮೊನ್ನೆ ಮೊದಲ ಪ್ರತಿ ಅವರ ಕೈಗೆ ಕೊಟ್ಟಾಗ ಆ ಹಾಳೆ ತಂದು ಪುಸ್ತಕದ ನಡುವೆ ಸೇರಿಸಿ, ಸೆರಗಿನಿಂದ ಮುಖಪುಟ ಒರೆಸಿದರು.