ಕಾಗದ ಒಂದು, ಓದು ಎರಡು

ಪ್ರಿಯ ಗೆಳೆಯಾ,

ಸಹಿ ಬಿದ್ದ ಒಪ್ಪಂದ ನಾಲ್ಕೇ ತಿಂಗಳಲ್ಲಿ ಹೇಗೆ ಮುರಿಯಿತು ಅಂತ ಕೇಳಿದ್ದೀಯ. ಸ್ವಾತಂತ್ರ್ಯ ಘೋಷಿಸಿಕೊಂಡ ಇಂಡೊನೇಷ್ಯಾ ಗಣರಾಜ್ಯಕ್ಕೂ ಹಿಂದೆ ಅದನ್ನು ಆಳಿದ ಡಚ್ಚರಿಗೂ ಆದ ಲಿಂಗರ್‌ಜಾತಿ ಒಪ್ಪಂದ ಸಹಿಗೆ ಮೊದಲೇ ಕೆಟ್ಟಿತ್ತು. 1946ರ ನವೆಂಬರ್ 15ಕ್ಕೆ ಕಿರುಸಹಿ, 1947ರ ಮಾರ್ಚ್ 25ಕ್ಕೆ ಪೂರ್ಣ ಸಹಿ. ನಡುವೆ ಡಚ್ ಸಂಸತ್ತು ಅದಕ್ಕೆ ತನ್ನದೇ ವ್ಯಾಖ್ಯಾನ ತೊಡಿಸಿ ಒಪ್ಪಿತು. ಆ ವ್ಯಾಖ್ಯಾನಕ್ಕೆ ನಾವು ಬದ್ಧರಲ್ಲ ಎಂದಿತು ಗಣರಾಜ್ಯ.

ಜಾವಾ, ಮದುರಾ, ಸುಮಾತ್ರಾಗಳಲ್ಲಿ ಗಣರಾಜ್ಯಕ್ಕೆ ಸಿಕ್ಕಿದ್ದು ವಾಸ್ತವ ಅಧಿಕಾರದ ಮಾನ್ಯತೆ ಮಾತ್ರ, ಸಾರ್ವಭೌಮತ್ವ ಅಲ್ಲ. 1949ರ ಜನವರಿ 1ರೊಳಗೆ ಗಣರಾಜ್ಯವೂ ಸೇರಿ ಇಡೀ ಇಂಡೊನೇಷ್ಯಾದ ಒಕ್ಕೂಟ ರಚನೆಯಾಗಬೇಕಿತ್ತು. ಅಲ್ಲಿಯವರೆಗೆ ಕೊನೆಯ ಮಾತು ಯಾರದು? ಮುರಿದದ್ದು ಇಲ್ಲೇ. ಮಧ್ಯಂತರ ಸರ್ಕಾರದಲ್ಲಿ ರಾಣಿಯ ಪ್ರತಿನಿಧಿಯ ಮಾತೇ ಅಂತಿಮ, ಜೊತೆಗೆ ಜಂಟಿ ಪೊಲೀಸ್ ಪಡೆ ಬೇಕು ಎಂದರು ಡಚ್ಚರು. ಗಣರಾಜ್ಯದ ಪ್ರಧಾನಿ ಶಹ್ರಿರ್ ಬಹಳಷ್ಟು ಬಿಟ್ಟುಕೊಟ್ಟು ಕುರ್ಚಿ ಕಳೆದುಕೊಂಡರು. ಅವರ ನಂತರ ಬಂದವರೂ ಜಂಟಿ ಪೊಲೀಸನ್ನು ಒಳಗೆ ಬಿಡಲಿಲ್ಲ. ಪೊಲೀಸರು ಯಾರವರೋ ರಾಜ್ಯ ಅವರದೇ ತಾನೆ?

ಜುಲೈ 21ಕ್ಕೆ ಡಚ್ ಸೇನೆ ನುಗ್ಗಿತು. ಹೆಸರು ಮಾತ್ರ 'ಪೊಲೀಸ್ ಕಾರ್ಯಾಚರಣೆ'. ಯುದ್ಧ ಎಂದರೆ ವಿಶ್ವಸಂಸ್ಥೆ ಬಾಗಿಲಿಗೆ ಬರುತ್ತದೆ, ಪೊಲೀಸ್ ಕೆಲಸ ಎಂದರೆ ಮನೆಯೊಳಗಿನ ಮಾತು! ಆ ಜಾಣತನ ನಡೆಯಲಿಲ್ಲ. ಭಾರತ, ಆಸ್ಟ್ರೇಲಿಯಾ ಜುಲೈ 30ಕ್ಕೆ ಭದ್ರತಾ ಮಂಡಳಿಗೆ ದೂರು ಒಯ್ದವು; ಆಗಸ್ಟ್ 1ಕ್ಕೆ ಕದನವಿರಾಮದ ನಿರ್ಣಯ ಬಂತು. ಮಂಡಳಿಯ ಸಂಧಾನ ಸಮಿತಿಗೆ ಗಣರಾಜ್ಯ ಆಸ್ಟ್ರೇಲಿಯಾವನ್ನು, ಡಚ್ಚರು ಬೆಲ್ಜಿಯಂ ಅನ್ನು ಆರಿಸಿಕೊಂಡರು. ಆ ಇಬ್ಬರೂ ಸೇರಿ ಅಮೆರಿಕವನ್ನು.

ತೂಕ ಇದ್ದದ್ದು ಅಮೆರಿಕಕ್ಕೇ. ಯುರೋಪಿಗಾಗಿ ಅದಕ್ಕೆ ಹಾಲೆಂಡ್ ಬೇಕಿತ್ತು, ಹಾಗಾಗಿ ಮೊದಮೊದಲು ಡಚ್ಚರ ಕಡೆಗೇ ವಾಲಿತ್ತು. 1948ರ ಸೆಪ್ಟೆಂಬರಿನಲ್ಲಿ ಮಡಿಯುನ್‌ನ ಕಮ್ಯುನಿಸ್ಟ್ ಬಂಡಾಯವನ್ನು ಗಣರಾಜ್ಯವೇ ಹತ್ತಿಕ್ಕಿದ ಮೇಲೆ ಲೆಕ್ಕ ತಿರುಗಿತು. ಡಿಸೆಂಬರ್ 19ಕ್ಕೆ ಡಚ್ಚರು ಗಣರಾಜ್ಯದ ರಾಜಧಾನಿ ಯೋಗ್ಯಕರ್ತಾ ಹಿಡಿದು ಅಧ್ಯಕ್ಷ ಸುಕಾರ್ನೊ, ಉಪಾಧ್ಯಕ್ಷ ಹತ್ತಾ ಅವರನ್ನು ಬಂಧಿಸಿದ್ದು ನನ್ನ ಪ್ರಕಾರ ಅವರ ದೊಡ್ಡ ಪೆದ್ದುತನ: ಊರು ಗೆದ್ದರು, ವಾಷಿಂಗ್ಟನ್ ಕಳೆದುಕೊಂಡರು. ಮರುತಿಂಗಳೇ ನೆಹರು ದಿಲ್ಲಿಯಲ್ಲಿ ಸಮ್ಮೇಳನ ಕರೆದರು. ಜನವರಿ 28ಕ್ಕೆ ಭದ್ರತಾ ಮಂಡಳಿ ಅಧಿಕಾರ ಹಸ್ತಾಂತರಕ್ಕೆ ಗಡುವನ್ನೇ ಇಟ್ಟಿತು.

ಹಸ್ತಾಂತರದ ಷರತ್ತು ಮಾತಾಡಿದ ಹೇಗ್ ದುಂಡುಮೇಜಿನಲ್ಲಿ ದೊಡ್ಡ ಜಗ್ಗಾಟ ಸಾಲದ್ದು. ಸುಮಾರು 430 ಕೋಟಿ ಗಿಲ್ಡರ್ ಸಾಲ ಹೊಸ ದೇಶದ ತಲೆಗೆ ಬಂತು. 1949ರ ಡಿಸೆಂಬರ್ 27ಕ್ಕೆ ಹಸ್ತಾಂತರವಾಯಿತು. ಡಚ್ಚರ ಕೈಯಲ್ಲೇ ಉಳಿದ ಪಶ್ಚಿಮ ನ್ಯೂಗಿನಿಯದ್ದು ಮಾತ್ರ ಒಂದು ವರ್ಷದೊಳಗೆ ಮಾತಾಡೋಣ ಅಂತ ಬಿಟ್ಟರು. ಆ ಒಂದು ವರ್ಷ ಮುಗಿದದ್ದು 1962ರಲ್ಲಿ.

ನಿನ್ನ ಗೆಳೆಯ